ಗೇರಿನ ಮೇಲಿನ ಕೈ

೧೪ ನವೆಂಬರ್ ೧೯೩೮, ಸೋಮವಾರ

ಗ್ಯಾರೇಜಿನ ದೂಮಪ್ಪನ ಮಾತು ತಲೆಯಿಂದ ಹೋಗುತ್ತಿಲ್ಲ. ಮೊನ್ನೆ ನನ್ನ ಕಾರಿನ ಗೇರ್‌ಬಾಕ್ಸ್ ಬಿಚ್ಚಿ, ಒಳಗೆ ಗೇರು ಸರಿಸುವ ಸವೆದ ಫೋರ್ಕನ್ನು ತೋರಿಸಿ, "ಗೇರು ಹಾಕಿ ಆದ ಮೇಲೂ ಕೈ ಅದರ ಮೇಲೆಯೇ ಎಂತಕ್ಕೆ ಇಡುವುದು ಮಾರಾಯ್ರೆ? ಆ ಭಾರಕ್ಕೇ ಇದು ಸವೆಯುವುದು" ಎಂದಿದ್ದ.

ಅವನಿಗೆ ಏನು ಹೇಳಲಿ? ಅಷ್ಟು ಜನರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಕೂರಲು ಸಿಗುವ ಜಾಗವೆಂದರೆ ಈ ಎರಡು ಸೀಟಿನ ರೇಸ್ ಕಾರು ಮಾತ್ರ. ಗೇರಿನ ಮೇಲೆ ನನ್ನ ಕೈ, ಅದರ ಮೇಲೆ ಸೆರಗಿನ ಮರೆಯಲ್ಲಿ ದಮಯಂತಿಯದು.

ಇವತ್ತು ಬಿಕರ್ನಕಟ್ಟೆಯವರೆಗೂ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದೇ ಓಡಿಸಿದೆ. ಅವಳು ಕೈಯನ್ನು ಮಡಿಲಿಗೆ ತೆಗೆದುಕೊಂಡು, "ನನ್ನ ಮೇಲೆ ಸಿಟ್ಟು ಉಂಟಾ?" ಎಂದು ಕೇಳಿದಳು. ಫೋರ್ಕಿನ ಕಥೆ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಸಾಕಾಯಿತು. ನಾಳೆ ದೂಮಪ್ಪನಿಗೆ ಮೊನ್ನೆ ಹಾಕಿದ್ದೂ ಸವೆದರೆ ಇರಲಿ ಎಂದು ಇನ್ನೊಂದು ಫೋರ್ಕು ತರಿಸಿಡಲು ಹೇಳಬೇಕು.