ನಿನ್ನ ಹೆಸರಿನ ಚೀಟಿ

ಶಿವಗಂಗಕ್ಕಾ,

ಸೋಮವಾರ ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ನಿನ್ನ ಹೆಸರಿಗೆ ಚೀಟಿ ಮಾಡಿಸಿದೆವು. ಹದಿನಾರನೇ ವಯಸ್ಸಿಗೇ ನೀನು ಗೊರೇಬಾಳದ ಕಾಲುವೆಗೆ ಹಾರಿ ಮೂವತ್ತೆಂಟು ವರ್ಷವಾಯಿತು. ಆಗ ಯಾರಿಗೂ ಆಸ್ಪತ್ರೆ ನೆನಪಾಗಿರಲಿಲ್ಲ. ಕಾಲು ಜಾರಿತು ಎಂದು ಊರಿಗೆಲ್ಲ ಹೇಳಿದೆವು.

ಕಾಯಿಲೆ ತಮ್ಮ ಶಿವಕಾಂತನ ಮಗಳು ಅಶ್ವಿನಿಯದು. ಹದಿನೈದರ ಹುಡುಗಿ, ತಿಂಗಳಿಂದ ಊಟ, ಮಾತು ಎರಡನ್ನೂ ಬಿಟ್ಟಿದ್ದಾಳೆ. ಚೀಟಿ ಕೊಡುವ ಕಿಟಕಿಯಲ್ಲಿ ಅವಳ ಹೆಸರು ಕೇಳಿದಾಗ ಶಿವಕಾಂತ ನಿನ್ನದನ್ನು ಕೊಟ್ಟ.

"ಹುಚ್ಚಿನ ಡಾಕ್ಟರ್ ಹತ್ರ ಹೋಗ್ಯಾಳಂದ್ರ ನಾಳೆ ಯಾರು ಮಾಡ್ಕೊಂತಾರಣ್ಣ? ಸತ್ತಾಕಿಗೇನು ವರ ನೋಡೋದೈತೇನು?" ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕ.

ಮಕ್ಕಳ ಮನೋವೈದ್ಯೆ "ಶಿವಗಂಗಾ" ಎಂದು ಮೂರು ಸಲ ಕರೆದರು. ಹುಡುಗಿ ತಲೆ ಎತ್ತಲಿಲ್ಲ. ತನ್ನ ಹೆಸರಿಗೂ ಓಗೊಡುವುದಿಲ್ಲ ಎಂದು ಬರೆದುಕೊಂಡರು. ಆಮೇಲೆ ಕೇಳಿದರು: "ನಿಮ್ಮ ಮನ್ಯಾಗ ಮೊದ್ಲು ಯಾರರ ತಾವಾಗೇ ಜೀವ ಕಳಕೊಂಡಾರೇನ್ರೀ? ಹಂಗಿದ್ರ ಈಕಿನ್ನ ಇವತ್ತೇ ಅಡ್ಮಿಟ್ ಮಾಡ್ಕೊಂತೀನಿ."

"ಯಾರೂ ಇಲ್ರೀ ಮೇಡಂ, ನಮ್ಮದು ಮರ್ಯಾದಸ್ಥರ ಮನಿ," ಎಂದ ಶಿವಕಾಂತ.

ಅವರು ನನ್ನ ಕಡೆ ನೋಡಿದರು. ಮೂಢನಂಬಿಕೆಯ ವಿರುದ್ಧ ಮೂವತ್ತು ವರ್ಷ ಪತ್ರಿಕೆಗಳಿಗೆ ಬರೆದ ನಾನೂ ಇಲ್ಲವೆಂದು ತಲೆಯಾಡಿಸಿದೆ. ಹದಿನೈದು ದಿನದ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಆಟೋದಲ್ಲಿ ಅಶ್ವಿನಿ ತಿಂಗಳಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ದೊಡ್ಡಪ್ಪ, ಶಿವಗಂಗಾ ಅಂದ್ರ ಯಾರು?"

"ಯಾರೂ ಅಲ್ಲವ್ವ," ಎಂದೆ.

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಅಂದಿನಿಂದ ಮತ್ತೆ ಮಾತಾಡಿಲ್ಲ.