ದಿಗಂಬರನ ಸೀಟಿ

ಜೂನ್ 3, ಮುಂಜಾನೆ

ಏಳಕ್ಕ ಹೊಸಾ ಹ್ಯಾಮ್ ರೇಡಿಯೋ ಹಚ್ಚಿದೆ — ಕೇಳೋದಷ್ಟ ಅಲ್ಲ, ಮಾತೂ ಆಡೋದು. ಬಾಜೂ ಪವರ್‌ಲೂಮಿನ ಗರಗರ ಪೂರಾ ಮಾಯ! ಮಸ್ತ್ ಮಾಲು. ಒಳಗ ಡಿಎಸ್‌ಪಿ ಚಿಪ್ ಅದ — ಆಂಟೆನಾದ ಸಿಗ್ನಲ್ ಸೆಕೆಂಡಿಗೆ ಸಾವಿರಾರು ಸಲ ಅಳೀತದ, ಅಂಕಿ ಮಾಡ್ತದ, ಲೆಕ್ಕಾ ಹಾಕಿ ಗದ್ದಲಾ ಸೋಸ್ತದ. ಇದ್ದಬದ್ದ ಫಿಲ್ಟರ್ ಎಲ್ಲಾ ಹಚ್ಚಿಟ್ಟೀನಿ.

ದೋಸ್ತ ದಿಗಂಬರ ಇವತ್ತರ ಸಿಗ್ತಾನ ಅನ್ಕೊಂಡಿದ್ದೆ. ಗಂಟಲ ಆಪರೇಶನ್ ಆಗಿ ದನಿ ಹೋದಮ್ಯಾಲೆ ಅಕ್ಕಲಕೋಟದ ಮನಿಯೊಳಗ ಮೊದಲ ಸಲ ಸೆಟ್ ಮುಂದ ಕೂಡಾಂವ. ಮಾತಾಗಿತ್ತು — ನಾ ಬಾಯಿಲೆ ಮಾತಾಡೋದು, ಅಂವ ಮೋರ್ಸ್ ಕೀ ಒತ್ತಿ ಚುಕ್ಕಿ-ಗೆರಿಯೊಳಗ ಉತ್ತರಾ ಕೊಡೋದು. ಕರದೆ, ಕರದೆ... ಏನೂ ಇಲ್ಲ.

ಜೂನ್ 6

ಇವತ್ತೂ ಇಲ್ಲ. ಅವನ ಹೆಂಡತಿ ದ್ವಾರಕಾ ವೈನಿಗೆ ಫೋನ್ ಹಚ್ಚಿದೆ.

"ದಿನಾ ಏಳಕ್ಕ ಖೋಲಿ ಬಾಗಲಾ ಹಾಕ್ಕೊಂಡು ರೇಡಿಯೋ ಮುಂದ ಕೂಡ್ತಾರ್ರಿ ಭಾವೂಜಿ. ಅನ್ನಾ ಇಳಿಯಾಂಗಿಲ್ಲ, ಆದ್ರ ಅದೊಂದ ತಪ್ಪಸಾಂಗಿಲ್ಲ."

ಕೂಡ್ತಾನಂತ! ಹಂಗಾರ ಉತ್ತರಾ ಕೊಡಾಕ ಏನ ಧಾಡಿ?

ಜೂನ್ 9

ಪಿತ್ತ ನೆತ್ತಿಗೇರ್ತು. ಮೈಕ್‌ನಾಗ ಬೈದೆ. "ದನಿ ಹೋತು, ಕೈನೂ ಹೋತೇನಲೇ? ಇಷ್ಟ ವರ್ಷದ ದೋಸ್ತಿಗೆ ಒಂದ ಚುಕ್ಕಿ ಒತ್ತಾಕ ಆಗೂದಿಲ್ಲಾ? ನಾಳಿಂದ ನಾ ಕರಿಯಾಂಗಿಲ್ಲ."

ಆಫ್ ಮಾಡಿದೆ. ಚಹಾನೂ ಕುಡೀಲಿಲ್ಲ.

ಜೂನ್ 21

ವೈನಿ ಫೋನ್. ಹಾಸಿಗಿ ಹಿಡದಾನಂತ. ಡಾಕ್ಟರ್ ಕೈ ಚೆಲ್ಯಾರ. "ಆದ್ರೂ ರೇಡಿಯೋ ಬಾಜೂಕ ಇಡಸ್ಕೊಂಡಾರ್ರಿ. ನೀವು ಕೇಳ್ತೀರಿ ಅಂತ ಕೀ ಒತ್ತತಾನ ಇರ್ತಾರ. ಈಗೂ..."

ಒತ್ತತಾನ? ಓಡಿ ಹೋಗಿ ಸೆಟ್ ಹಚ್ಚಿದೆ. ಏನೂ ಇಲ್ಲ. ಫಿಲ್ಟರ್ ಒಂದೊಂದ ತಗೀತ ಬಂದೆ. 'ಆಟೋ ನಾಚ್' ಅನ್ನೋ ಫಿಲ್ಟರ್ ಬಂದ್ ಮಾಡಿದ ಕೂಡ್ಲೇ — ಪಿಪಿಪಿ ಪೀ, ಪಿಪಿ ಪೀ... ದಿಗಂಬರ! ನನ್ನ ಕಾಲ್‌ಸೈನ್, ರೇಡಿಯೋದಾಗಿನ ನನ್ನ ಹೆಸರು, ಹೊಡ್ಯಾಕತ್ತಾನ!

ಅಯ್ಯೋ ದೇವ್ರ. ಮಾತಿನ ದನಿ ಗಳಿಗಿಗೊಮ್ಮೆ ಬದಲಾಗ್ತದ. ಮೋರ್ಸ್ ಅಂದ್ರ ಒಂದ ಸ್ವರದ ಸೀಟಿ. ಒಂದೇ ಸಮ ಇರೋ ಸೀಟಿ ಅಂದ್ರ ಅಡಚಣಿ ಅಂತ ತಿಳದು ಆ ಫಿಲ್ಟರ್ ಲೆಕ್ಕದಾಗ ಕಳದು ಬಿಡ್ತದ. ಅಂವ ದಿನಾ ಉತ್ತರಾ ಕೊಟ್ಟಾನ. ನಾ ಬೈದದ್ದೂ ಕೇಳ್ಯಾನ.

ಮೈಕ್ ಹಿಡದೆ. ಇದು ಮೈಕ್‌ನಾಗ ಹೇಳೂ ಮಾತಲ್ಲ ಅಂತ ಕೆಳಗಿಟ್ಟೆ. ಬಸ್ಸಿಗೆ ಹೊಂಟೀನಿ.

ಅದೇ ದಿನ, ಸಂಜಿ, ಅಕ್ಕಲಕೋಟ

ಬರೇ ಎಲುಬು ಉಳದಾವ. ಎಲ್ಲಾ ಹೇಳಿದೆ. ಕಾಲು ಹಿಡದೆ. ನಕ್ಕ. ಕೀ ಬೇಕಂತ ಕೈ ಮಾಡಿದ, ವೈನಿ ಎದಿಮ್ಯಾಲ ಇಟ್ರು. ಇಂಗ್ಲಿಷ್ ಅಕ್ಷರದಾಗ ನಮ್ಮ ಮಾತು, ಸಾವಕಾಶ ಒತ್ತಿದ —

"ಬೈದಿ. ಚಲೋ ಅನಸ್ತು. ಮರದಿನಾ ಯಾಕ ಬರ್ಲಿಲ್ಲ?"

ಅವನ ಕೈಮ್ಯಾಲ ಕೈ ಇಟ್ಟು ನಾನೂ ಕೀ ಒತ್ತಿದೆ — "ತಪ್ಪಾತು."