ಇಲ್ಲದ ಕುದಿನೀರು

ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಮುದ್ದು ಗುಬ್ಬಿಗೆ,

ಅಜ್ಜಿ ಚೆನ್ನಾಗಿದ್ದಾಳೆ. ಹೊಸ ಹಲ್ಲು ಕಟ್ಟಿಸಿಕೊಂಡು ಅಕ್ಕಪಕ್ಕದವರಿಗೆಲ್ಲ ನಕ್ಕು ತೋರಿಸುತ್ತಿದ್ದಾಳೆ. ನಿನ್ನ ಕಾಗದ ಬಂತು. ಓದುತ್ತ ಹೋದಾಗ ಆ ಪಾಪಿಗೆ ಬಾಯಿಗೆ ಬಂದಂತೆ ಬೈದೆ. ಕೊನೆಗೆ ಬಂದಾಗ ಮಾತ್ರ ನಿನ್ನ ಮೇಲೇ ಸಿಟ್ಟು ಬಂತು.

ನೀನು ಕೆಲಸ ಮಾಡುವ ಅಚ್ಚುಕೂಟದ ಮೆಟ್ಟಿಲ ಮೇಲೆ ಆ ಕಾಗದದ ಉರುಳೆ ಸಾಗಿಸುವವನು ನಿನ್ನ ಕೈ ಹಿಡಿದೆಳೆದ. ಆಳು ನಿನ್ನ ಎರಡರಷ್ಟು. ನೀನು ಅವನ ಕೈ ಕಚ್ಚಿ, ಚೀಲ ಚಪ್ಪಲಿ ಎಲ್ಲ ಬಿಟ್ಟು ಓಡಿದೆ. ಅವನನ್ನು ಪೊಲೀಸರು ಕರೆದುಕೊಂಡು ಹೋದರು, ಕೆಲಸವೂ ಹೋಯಿತು. ಇಷ್ಟಾದ ಮೇಲೆ ನೀನು ಬರೆದದ್ದೇನು? ನಮ್ಮಜ್ಜಿ ಅಂಥವನ ಮೇಲೆ ಕುದಿನೀರು ಸುರಿದವಳು, ನಾನು ಇಲಿಯ ಹಾಗೆ ಓಡಿದವಳು, ಯಾವ ಮುಖ ಹೊತ್ತು ಹೋಗಲಿ, ಸೋಮವಾರ ಹೋಗುವುದಿಲ್ಲ, ಇನ್ನು ಯಾವತ್ತೂ ಹೋಗುವುದಿಲ್ಲ ಅಂತ. ಪುಸ್ತಕದ ಬೆನ್ನು ಹೊಲಿಯುವುದರಲ್ಲಿ ನಿನ್ನ ಕೈ ಎಂಥದ್ದು ಎಂದು ನಿನ್ನಮ್ಮ ಕಂಡಕಂಡವರ ಹತ್ತಿರ ಹೇಳಿಕೊಂಡು ಬರುತ್ತಾಳೆ. ಆ ಕೆಲಸ ಬಿಡುತ್ತೀಯಾ?

ಹಾಗಾದರೆ ಕೇಳು. ನಾನು ಯಾರ ಮೇಲೂ ಒಂದು ತೊಟ್ಟು ನೀರು ಸುರಿದಿಲ್ಲ.

ಆಗ ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿದ್ದೆ. ಹಾಸಿಗೆಯ ಬಟ್ಟೆ ಹಿಂಡಲು ನನಗೆ ಜೋಡಿ ದಪ್ಪಕ್ಕ. ಕಡ್ಡಿಯಂತಿದ್ದಳು, ಅದಕ್ಕೇ ಆ ಹೆಸರು. ಅಲ್ಲಿ ಒಂದು ಕಟ್ಟಳೆ ಇತ್ತು. ಕುದಿನೀರಿನ ಬಕೆಟ್ಟು ಹೊತ್ತವರು "ಕುದಿ ಬಂತು!" ಅಂತ ಕೂಗಬೇಕು. ಕೂಗು ಕೇಳಿದವರು ಮೊದಲು ಗೋಡೆಗೆ ಅಂಟಿಕೊಳ್ಳಬೇಕು, ಆಮೇಲೆ ನೋಡಬೇಕು. ಮೊದಲು ನೋಡಿದವರ ಕಾಲು ಬೆಂದದ್ದುಂಟು.

ಬಟ್ಟೆಯ ಗಂಟು ಹೊರುವವನೊಬ್ಬನಿದ್ದ. ಅಗಲ ಎತ್ತರ ಎರಡೂ ಕಪಾಟಿನಷ್ಟು, ಎಲ್ಲರೂ ಬೀರು ಅಂತಲೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಇಸ್ತ್ರಿ ಕೋಣೆಗೆ ಹೋಗುವ ಓಣಿಯಲ್ಲಿ ಅಡ್ಡ ನಿಂತು ನನ್ನ ಮಣಿಕಟ್ಟು ಹಿಡಿದ. "ಏನು ಅವಸರ? ಸ್ವಲ್ಪ ನಗ್ತಾ ಮಾತಾಡಿ ಹೋಗು" ಅಂದ. ನಾನು ಎಳೆದೆ. ಮರ ಎಳೆದ ಹಾಗಾಯಿತು. ಆಗ ನನ್ನ ಬುದ್ಧಿಗಿಂತ ಮೊದಲು ಕೈಗೆ ನೆನಪಾಯಿತು: ಒದ್ದೆ ಬಟ್ಟೆಯನ್ನು ಎಳೆಯುವುದಲ್ಲ, ತಿರುಚುವುದು. ಅವನ ಹೆಬ್ಬೆರಳ ಕಡೆಗೆ ತಿರುಚಿದೆ. ಆ ಕಡೆ ನಾಲ್ಕು ಬೆರಳು ಕಾವಲಿದ್ದರೆ ಈ ಕಡೆ ಒಂದೇ ಒಂದು, ನೋಡು. ಹಿಡಿತ ಸಡಿಲವಾಯಿತು, ಬಿಡಲಿಲ್ಲ. ಇನ್ನೊಂದು ಕೈ ಭುಜಕ್ಕೆ ಬಂತು. ಕಾಪಾಡಿ ಅಂತ ಕೂಗಬೇಕು ಅಂದುಕೊಂಡೆ, ಬಾಯಿಂದ ಬಂದದ್ದು ರೂಢಿಯ ಕೂಗು.

"ಕುದಿ! ಕುದಿ ಬಂತು!"

ಬೀರು ಎರಡೂ ಕೈ ಬಿಟ್ಟು, ಕಣ್ಣು ಮುಚ್ಚಿ, ಗೋಡೆಗೆ ಹಲ್ಲಿಯಂತೆ ಅಂಟಿಕೊಂಡ! ನನ್ನ ಕೈಯಲ್ಲಿ ಒಂದು ದಿಂಬಿನ ಚೀಲ ಬಿಟ್ಟರೆ ಏನೂ ಇರಲಿಲ್ಲ. ಅವನು ಕಣ್ಣು ತೆರೆಯುವಷ್ಟರಲ್ಲಿ ನಾನು ಇಸ್ತ್ರಿ ಮೇಜಿನ ಕೆಳಗೆ. ಹೌದು, ನಿನ್ನ ವೀರ ಅಜ್ಜಿ ಮೇಜಿನ ಕೆಳಗೆ ಮುದುರಿ, ದಿಂಬಿನ ಚೀಲಕ್ಕೆ ಮುಖ ಒತ್ತಿ ಅಳುತ್ತಿದ್ದಳು.

ಮೇಲ್ವಿಚಾರಕಿ ಬಂದರು. "ಯಾರೇ ಅದು, ಒಲೆ ಹಚ್ಚೋ ಮೊದಲೇ ಕುದಿ ತಂದೋಳು?" ಅಂತ. ಹಿಂದೆಯೇ ದಪ್ಪಕ್ಕ, "ಇದ್ಯಾರಮ್ಮ ಬೀರುನ ತಂದು ಇಲ್ಲಿ ನಿಲ್ಲಿಸಿದೋರು?" ಅಂತ. ಹೆಂಗಸರು ನಕ್ಕ ನಗುವಿಗೆ ಅವನ ಮುಖ ಕಪ್ಪಿಟ್ಟಿತು. ನಾನು ಮೇಜಿನ ಕೆಳಗಿಂದಲೇ ನಡೆದದ್ದು ಹೇಳಿದೆ. ನಗು ನಿಂತಿತು. ಊಟದ ಗಂಟೆಗೆ ಮುಂಚೆ ಅವನನ್ನು ಗೇಟಿನ ಹೊರಗೆ ಹಾಕಿದರು.

ಸುದ್ದಿ ಗೇಟು ದಾಟುವಾಗ ಅದಕ್ಕೆ ನೀರು ಸೇರಿತ್ತು. ಮನೆ ತಲುಪುವಾಗ ಒಂದು ಬಕೆಟ್ಟು. ನಿನ್ನಮ್ಮ ಹೇಳುವಾಗ ಎರಡಾಗಿದೆ. ನಾನು ಬಾಯಿ ಬಿಡಲಿಲ್ಲ. ಆಮೇಲೆ ಅಲ್ಲಿ ಯಾರೂ ಯಾವ ಹುಡುಗಿಯ ತಂಟೆಗೂ ಬರಲಿಲ್ಲವಲ್ಲ, ಇರಲಿ ಬಿಡು ಅಂದುಕೊಂಡೆ. ನಿಜ ಹೇಳಲಾ? ಹೊಗಳಿಕೆಯೂ ಹಿತವಾಗಿತ್ತು. ಆ ಸುಳ್ಳು ನಿನ್ನ ತಲೆಯ ಮೇಲೆ ಕೂರುತ್ತದೆ ಅಂತ ತಿಳಿದಿರಲಿಲ್ಲ, ಕಂದಾ.

ಆನೆಯನ್ನು ಕೆಡವುವುದು ನಮ್ಮ ಕೆಲಸವಲ್ಲ. ಕಾಲಡಿಯಿಂದ ಆಚೆ ಬಂದರಾಯಿತು. ನೀನು ಕಚ್ಚಿದೆ, ಓಡಿದೆ, ಹೋಗಿ ಹೇಳಿದೆ. ನನ್ನ ಮೊಮ್ಮಗಳು ಮೇಜಿನ ಕೆಳಗೂ ಅಡಗಲಿಲ್ಲ. ಇದರಲ್ಲಿ ನಾಚಿಕೆಯ ಮಾತೆಲ್ಲಿ ಬಂತು? ನಾನು ಮರುದಿನವೇ ತಲೆ ಬಾಚಿಕೊಂಡು ಕೆಲಸಕ್ಕೆ ಹೋದೆ. ನೀನೂ ಹೋಗು.

ನಿನ್ನ ಮೇಲೆ ಜೀವ ಇಟ್ಟಿರುವ,
ಅಜ್ಜಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮರುದಿನ ಹೋದೆ ಅಂದದ್ದು ಸುಳ್ಳು. ಜ್ವರ ಅಂತ ನಿಮ್ಮಜ್ಜನಿಗೆ ಹೇಳಿ ಹನ್ನೊಂದು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಹನ್ನೆರಡನೆಯ ದಿನ ದಪ್ಪಕ್ಕ ಬಾಗಿಲಲ್ಲಿ ನಿಂತು, "ಬಟ್ಟೆಯ ಇನ್ನೊಂದು ತುದಿ ಕಂಬಕ್ಕೆ ಕಟ್ಟಿ ಹಿಂಡ್ತಿದೀನಿ ಕಣೇ. ಕಂಬ ಮಾತೇ ಆಡಲ್ಲ" ಅಂದಳು. ಒಂದು ತಿಂಗಳು ದಿನಾ ಬಂದು ಕರೆದುಕೊಂಡು ಹೋದಳು. ಅದಕ್ಕೇ ನಾನು ಭಾನುವಾರದ ಬಸ್ಸಿಗೆ ಹೊರಟಿದ್ದೇನೆ. ಬೇಡ ಅನ್ನಬೇಡ, ಟಿಕೆಟ್ಟು ತೆಗೆದಾಗಿದೆ. ಸೋಮವಾರ ಎಂಟಕ್ಕೆ ತಯಾರಾಗಿರು. ಆ ಮೆಟ್ಟಿಲು ಹತ್ತುವಾಗ ಯಾರು ಯಾರ ಕೈ ಹಿಡಿಯಬೇಕು ಅಂತ ಅಲ್ಲೇ ನೋಡೋಣ.